ಕರೆದವರ ಗುರುತು

ಆ ಕಿತ್ತಳೆ ದೀಪವೊಂದು ಯಾಕೆ ಹೀಗೆ ಕಣ್ಣು ಹೊಡೆಯುತ್ತದೆ, ಉಳಿದವೆಲ್ಲ ಹಸಿರಾಗಿ ಮರ್ಯಾದೆಯಿಂದ ಕೂತಿರುವಾಗ — ನಿಶ್ಚಿತಾ ಕುರ್ಚಿ ಹಿಂದಕ್ಕೆ ಜರುಗಿಸಿ ನೋಡಿದಳು, ಏನಿಲ್ಲ, ಅದು ಶೃಂಗೇರಿಯಿಂದ ಬರುವ ಕೇಬಲ್ಲಿನ ದೀಪ, ಅದಕ್ಕೆ ಮೊದಲಿನಿಂದಲೂ ಆ ಚಾಳಿ, ಗಾಳಿ ಬೀಸಿದರೂ ಸಾಕು, ಬೀಸದಿದ್ದರೂ ಸಾಕು, ಕೊಪ್ಪದ ಬಾಳಗಡಿಯ ಈ ಮಹಡಿಯ ಕೋಣೆಯಲ್ಲಿ, ಕೆಳಗಿನ ಬೇಕರಿಯ ಬೆಣ್ಣೆ ಬಿಸ್ಕತ್ತಿನ ವಾಸನೆ ಮುಚ್ಚಿದ ಬಾಗಿಲಿನ ಸಂದಿಯಿಂದಲೂ ನುಸುಳಿ ಬರುವ ಈ ಕೋಣೆಯಲ್ಲಿ, ಕೊಪ್ಪ ಶೃಂಗೇರಿ ನರಸಿಂಹರಾಜಪುರ ಮೂರೂ ಊರಿನವರ ಇಂಟರ್ನೆಟ್ಟು ಅವಳ ಕಣ್ಣೆದುರೇ ಹಾದು ಹೋಗಬೇಕು, ಯಾರ ಮನೆಯಲ್ಲಿ ಎದ್ದಿದ್ದಾರೆ ಯಾರ ಮನೆಯಲ್ಲಿ ಮಲಗಿದ್ದಾರೆ ಎಲ್ಲ ಗೊತ್ತು, ಗೊತ್ತಿಲ್ಲದ್ದು ಕಟ್ಟಿಕೊಂಡ ಗಂಡನೊಬ್ಬನ ವಿಷಯ, ಹೆಸರಿಗೆ ನಿಶ್ಚಿತಾ, ಮನಸ್ಸಿನಲ್ಲಿ ನಿಶ್ಚಿತವಾದದ್ದು ಒಂದೂ ಇಲ್ಲ. ಎಂತ ಯೋಚನೆ ಮಾಡ್ತಾ ಕೂತಿದೀಯೇ, ಅವಳು ತನ್ನನ್ನೇ ಗದರಿಕೊಂಡಳು, ಕೆಲಸ ನೋಡು, ಈಶಾನ ಸರ್ ಕಾಯ್ತಿದಾರೆ.

ಈಶಾನ ಎಂದರೆ ಶಿವಮೊಗ್ಗದ ದೊಡ್ಡ ಕಂಪನಿಯ ಇಂಜಿನಿಯರು, ಮುಖ ನೋಡಿಲ್ಲ, ದನಿ ಮಾತ್ರ, ಅರ್ಧ ಇಂಗ್ಲಿಷು ಅರ್ಧ ನಗು — ಮೂರೂರಿಗೂ ಒಂದೊಂದು ಬ್ರಾಡ್‌ಬ್ಯಾಂಡ್ ರೂಟರು, ಮನೆಮನೆಯ ಲೈನೆಲ್ಲ ಅದಕ್ಕೆ ಬರುತ್ತದೆ, ಅದು ಎಲ್ಲವನ್ನೂ ಟನಲ್ ಎಂಬ ಕಣ್ಣಿಗೆ ಕಾಣದ ಸುರಂಗದೊಳಗೆ ತಳ್ಳಿ ಆತನ ಕಡೆಗೆ ಕಳಿಸುತ್ತದೆ, ಆ ತುದಿಯಲ್ಲಿ ಎಷ್ಟು ಜನ ಹೊರಬಂದರೂ ಎಲ್ಲರದ್ದೂ ಒಂದೇ ಮುಖ. ಮೇಡಂ, ನಿಮ್ ಕಡೆಯಿಂದ ಬರೋ ಕಾಲ್ ಎಲ್ಲದರಲ್ಲೂ ಬರೀ ಕೊಪ್ಪ ಅಂತ ಇದೆ, ಯಾರು ಎಲ್ಲಿಂದ ಅಂತ ನಮಗೆ ಹೆಂಗೆ ಗೊತ್ತಾಗಬೇಕು, ಕಾಲರ್ ಐಡಿ ಫಾರ್ಮ್ಯಾಟ್ ಬದಲಾಯಿಸಿ. ಯಾರೂ ಯಾರೊಂದಿಗೂ ಮಾತಾಡುತ್ತಿಲ್ಲ, ಆದರೂ ಯಂತ್ರಕ್ಕೆ ಪ್ರತಿಯೊಂದು ಲೈನೂ ಒಂದು ಕರೆಯೇ, ಕರೆದವರು ಯಾರು ಎಂದು ಕೇಳಿದರೆ ನಾವು ಹೇಳಿಕೊಟ್ಟದ್ದನ್ನಷ್ಟೇ ಅದು ಹೇಳುತ್ತದೆ, ರೂಟರಿನ ಹೆಸರು ಹೇಳು ಎಂದರೆ ಅದು, ಲೈನುಗಳು ಬಂದು ಸೇರುವ ಪೋರ್ಟಿನ ನಂಬರು ಹೇಳು ಎಂದರೆ ಅದು, ಲೈನು ಹಾಕಿದವನು ಬರೆದಿಟ್ಟ ವಿವರ ಹೇಳು ಎಂದರೆ ಅದೂ. ಗಂಡಸರಿಗೂ ಇಂಥದ್ದೊಂದು ಫಾರ್ಮ್ಯಾಟು ಇರಬೇಕಿತ್ತು, ಅವಳು ಬೆಳಗ್ಗೆ ಕೊಪ್ಪದ ರೂಟರಿಗೆ ಆಜ್ಞೆ ಬರೆಯುವಾಗಲೇ ಅಂದುಕೊಂಡಿದ್ದಳು, ಹೊಸ್ತಿಲು ದಾಟುವಾಗ ಕುತ್ತಿಗೆಗೆ ನೇತುಹಾಕಿಕೊಂಡು ಬರಬೇಕು, ಯಾವ ಊರು, ಯಾವ ಮನೆ, ಯಾರ ಕೈಯ ಕಾಫಿ. ಕೊಪ್ಪ ಮುಗಿಯಿತು, ಶೃಂಗೇರಿ ಮುಗಿಯಿತು, ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿಟ್ಟು ಎನ್‌ಆರ್‌ಪುರವನ್ನೂ ಮುಗಿಸಿದಳು, ಈಶಾನ ಕೊಟ್ಟ ಪುಟವನ್ನು ಪಕ್ಕದ ಪರದೆಯಲ್ಲಿ ತೆರೆದಿಟ್ಟಳು, ಅಲ್ಲಿ ಹಳೆಯ ಕರೆಗಳು ಇನ್ನೂ ಕೊಪ್ಪ ಕೊಪ್ಪ ಎನ್ನುತ್ತಿವೆ, ಹೊಸದಾಗಿ ಬಂದವು ಮಾತ್ರ ತಮ್ಮ ಹೊಸ ಗುರುತು ಹೇಳುತ್ತಿವೆ. ನೋಡುತ್ತಿದ್ದಂತೆ ಒಂದು ಸಾಲು ಹುಟ್ಟಿತು. ಎನ್‌ಆರ್‌ಪುರ, ಎರಡನೇ ಪೋರ್ಟು, ಮೇಘನ. ಅದರ ಎದುರಿಗೆ ಬಳಕೆದಾರರ ಹೆಸರಿನ ಜಾಗದಲ್ಲಿ ಅವಳ ಗಂಡ ರಾಕೇಶನ ಟೆಸ್ಟ್ ಐಡಿ.

ಅಂದರೆ ಅಲ್ಲೇ ಇದ್ದಾನೆ. ಲೈನ್‌ಮನ್ನುಗಳಿಗೆಲ್ಲ ಒಂದೊಂದು ಐಡಿ ಕೊಟ್ಟಿದೆ, ಯಾರ ಮನೆಯಲ್ಲಿ ಲೈನು ಪರೀಕ್ಷೆ ಮಾಡಿದರೂ ಅದನ್ನೇ ಹಾಕಿ ನೋಡುವುದು, ಇವತ್ತು ಬೆಳಗ್ಗೆ ಅವನು ಜಯಪುರದ ಕಡೆ ಕೇಬಲ್ಲು ಹರಿದಿದೆ ಅಂತ ಹೊರಟವನು, ಜಯಪುರ ಯಾವ ದಿಕ್ಕು ಎನ್‌ಆರ್‌ಪುರ ಯಾವ ದಿಕ್ಕು, ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು, ಹೌದು, ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರಿಟ್ಟು ಮುಚ್ಚಿಡುವ ಅಗತ್ಯವಿಲ್ಲ, ಅವಳಿಗೆ ಆ ಮೇಘನಳ ಮೇಲೆ ಹೊಟ್ಟೆಕಿಚ್ಚು, ಅವಳ ಬ್ಲೌಸ್ ಕಟಿಂಗ್ ಆನ್‌ಲೈನ್ ಕ್ಲಾಸಿನ ಮೇಲೆ, ಅವಳ ದನಿಯ ಮೇಲೆ — ನೋಡ್ರೀ ತಂಗ್ಯಾರಾ, ಕಂಕುಳದ ಹತ್ರ ಅರ್ಧ ಇಂಚು ಬಿಡಬೇಕು, ಆ ಅರ್ಧ ಇಂಚಿಗೇ ಜಗಳ ಆಗೋದು — ಎಷ್ಟು ಚೆನ್ನಾಗಿ ಹೇಳುತ್ತಾಳೆ ಹಾಳಾದವಳು, ನಿಶ್ಚಿತಾ ಬೇರೆ ಹೆಸರಿನಲ್ಲಿ ಮೂರು ಕ್ಲಾಸು ಕದ್ದು ನೋಡಿದ್ದಾಳೆ, ತಪ್ಪು ಹುಡುಕಲೆಂದು ಕೂತವಳು ತೋಳು ಜೋಡಿಸುವುದನ್ನು ಕಲಿತು ಎದ್ದಳು, ಅದು ಇನ್ನೂ ದೊಡ್ಡ ಅವಮಾನ. ಕ್ಲಾಸಿನ ನಡುವೆ ವಿಡಿಯೊ ನಿಂತು ನಿಂತು ಬರುತ್ತದೆ ಅಂತ ವಾರಕ್ಕೊಂದು ದೂರು, ದೂರು ಬಂತೆಂದರೆ ಇವನಿಗೆ ಬೈಕು ಸ್ಟಾರ್ಟ್ ಮಾಡುವ ಉಮೇದು ನೋಡಬೇಕು, ಹಿರೇಕೊಡಿಗೆಯ ತನ್ನ ಚಿಕ್ಕಪ್ಪನ ಮನೆಯ ಲೈನು ವಾರಗಟ್ಟಲೆ ಸತ್ತು ಬಿದ್ದಿದ್ದಾಗ, ನೋಡನ ಬಿಡು ಮಾರಾಯ್ತಿ, ಅವರೇನು ಓಡಿ ಹೋಗ್ತಾರಾ ಅಂದವನು. ನೀನೂ ಆ ಕ್ಲಾಸಿಗೆ ಸೇರ್ಕೋ ಅಂತ ಬೇರೆ, ನಿನ್ನ ಬ್ಲೌಸಿನ ಭುಜ ಜಾರ್ತದೆ ನೋಡು. ಜಾರಿದರೆ ಜಾರಲಿ, ನಿಮಗೇನ್ರೀ, ಅಂದಿದ್ದಳು, ಅಂದು ಕನ್ನಡಿಯ ಮುಂದೆ ಬಹಳ ಹೊತ್ತು ಭುಜ ಎಳೆದುಕೊಂಡು ನಿಂತಿದ್ದಳು.

ಮತ್ತೆ ಆ ಹೆಲ್ಮೆಟ್ಟು. ಲೈನು ಸರಿಮಾಡಿದ ಮೇಲೆ ಅಲ್ಲಿಂದಲೇ ಆಫೀಸಿಗೊಂದು ವಿಡಿಯೊ ಕಾಲ್ ಮಾಡಿ, ಕಾಣ್ತದಾ, ಕೇಳ್ತದಾ, ಅಂತ ಕೇಳುವುದು ಅವನ ಪದ್ಧತಿ, ಯುಗಾದಿ ಆದಮೇಲೆ ಒಂದು ದಿನ ಹಾಗೆ ಮಾಡಿದಾಗ ಅವನ ಕಿವಿಯ ಹಿಂದೆ ಮೇಘನಳ ಮನೆಯ ಗೋಡೆ ಕಂಡಿತ್ತು, ಗೋಡೆಯಲ್ಲಿ ಮೊಳೆ, ಮೊಳೆಯಲ್ಲಿ ಅವರ ಮನೆಯ ಟವೆಲ್ಲು, ಟವೆಲ್ಲಿನ ಪಕ್ಕದ ಮೊಳೆಯಲ್ಲಿ ಅವನ ಹೆಲ್ಮೆಟ್ಟು, ಎಷ್ಟು ನೀಟಾಗಿ, ಪಟ್ಟಿ ಕೂಡ ಮಡಚಿ. ಕೊಪ್ಪದ ಬಾಡಿಗೆ ಮನೆಯಲ್ಲಿ ಬಾಗಿಲ ಹಿಂದೆ ಅವಳೇ ಸುತ್ತಿಗೆ ಹಿಡಿದು ಹೊಡೆದ ಮೊಳೆಯೊಂದಿದೆ, ಅದಕ್ಕೆ ಇವತ್ತಿನವರೆಗೆ ಅವನ ಹೆಲ್ಮೆಟ್ಟಿನ ಭಾಗ್ಯ ಬಂದಿಲ್ಲ, ಕುರ್ಚಿಯ ಮೇಲೆ, ಮಿಕ್ಸಿಯ ಮೇಲೆ, ಒಂದು ದಿನ ತೊಳೆದಿಟ್ಟ ಅಕ್ಕಿಯ ಪಾತ್ರೆಯ ಮೇಲೆ. ಕಾಣ್ತದಾ ನಿಶ್ಚಿ, ಅವನು ಕೇಳುತ್ತಿದ್ದ, ಕಾಣ್ತದೆ ಅಂದಳು, ಎಲ್ಲ ಕಾಣ್ತದೆ. ಹೊರಗಿನವನು ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ಸಿಕ್ಕಿಸಿ ಒಳಗೆ ಹೋಗುತ್ತಾನೆ, ಸ್ವಲ್ಪ ಪರಿಚಯವಾದವನು ಜಗಲಿಯಲ್ಲಿ ಇಡುತ್ತಾನೆ, ಒಳಗಿನ ಮೊಳೆಗೆ ತೂಗುಹಾಕುವವನು ಯಾರು, ಇದನ್ನು ಯಾರ ಹತ್ತಿರ ಕೇಳುವುದು, ಕೇಳಿದರೆ ಹೆಲ್ಮೆಟ್ಟಿಗೆ ಅಳುವವಳು ಅಂತ ಜಗತ್ತು ನಗುತ್ತದೆ.

ಇಷ್ಟರ ಮೇಲೆ ರಾಜಶೇಖರ್ ಸರ್ ಹೊಸ ರಾಗ ತೆಗೆದಿದ್ದಾರೆ, ಇಡೀ ಸಂಸ್ಥೆಯ ಯಜಮಾನರು, ಬಾಳೆಹೊನ್ನೂರಿನವರು, ಕೇಬಲ್ ಟಿವಿಯ ಕಾಲದಿಂದ ಕಂಬ ಹತ್ತಿದವರು, ಎನ್‌ಆರ್‌ಪುರದಲ್ಲಿ ಬ್ರಾಂಚು ತೆರೆಯುತ್ತೇನೆ, ರಾಕೇಶ ನೋಡಿಕೊಳ್ಳಲಿ, ಅವನು ಮಾಡ್ತೀನಿ ಅಂತಿದಾನೆ, ಆದರೆ ನೀನು ಹ್ಞೂಂ ಅನ್ನಬೇಕಂತೆ ತಾಯಿ, ನಿನ್ನ ಮಾತಿಲ್ಲದೆ ಅವನು ಹೆಜ್ಜೆ ಇಡಲ್ಲವಂತೆ. ಹೆಜ್ಜೆ ಇಡುವುದಿಲ್ಲವಂತೆ, ಬೈಕಿನಲ್ಲಿ ಹೋಗುವವನಿಗೆ ಹೆಜ್ಜೆಯ ಲೆಕ್ಕ ಯಾಕೆ. ಬ್ರಾಂಚು ಸಿಕ್ಕರೆ ಕಂಬ ಹತ್ತುವುದು ತಪ್ಪುತ್ತದೆ, ಕುರ್ಚಿ, ಮೇಜು, ಕೈಕೆಳಗೆ ಇಬ್ಬರು, ಮದುವೆಯಾದಾಗಿನಿಂದ ಅವನು ಕಂಡ ಕನಸು ಅದೊಂದೇ, ಮೊಣಕಾಲು ನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುವಾಗೆಲ್ಲ ಅದನ್ನೇ ಹೇಳುತ್ತಿದ್ದ, ಅವಳಿಗೂ ಅದು ಬೇಡವೆಂದಲ್ಲ, ಆ ಊರು ಬೇಡ, ಆ ಬೀದಿ ಬೇಡ. ಬೆಳಗ್ಗೆ ದೋಸೆ ಹುಯ್ಯುತ್ತಿದ್ದಾಗ ಹಿಂದೆ ಬಂದು ನಿಂತ, ಮುಖದಲ್ಲಿ ಏನೋ ಅಡಗಿಸಿಕೊಂಡ ನಗು, ನಿಶ್ಚಿ, ಒಂದು ವಿಷಯ ಉಂಟು, ಮೇಘನ ಅವರ ಮನೆ ಹತ್ರ — ಅಷ್ಟೇ, ಅವಳು ಸೌಟು ಕುಕ್ಕಿದ ಸದ್ದಿಗೆ ಮಾತು ಅಲ್ಲಿಗೇ ನಿಂತಿತು, ಬೆಳಗ್ಗೆ ಎದ್ದ ಬಾಯಿಗೆ ದೇವರ ಹೆಸರು ಸಿಗಲಿಲ್ವಾ ನಿಮಗೆ. ಪೂರ್ತಿ ಕೇಳೇ ಮಾರಾಯ್ತಿ. ಕೇಳಿದ್ದು ಸಾಕು. ನನ್ನ ಮಾತು ಅರ್ಧ ಆಗೋದ್ರೊಳಗೆ ನಿನ್ನ ತೀರ್ಪು ಆಗಿರ್ತದೆ, ಅಂದ, ದೋಸೆ ತಿನ್ನದೆ ಹೊರಟ, ಜಯಪುರಕ್ಕೆ ಅಂತ. ಸುಳ್ಳ. ಆ ದೋಸೆ ಸೀದು ಕರಿ ಆಗಿತ್ತು, ಅದನ್ನೇ ಡಬ್ಬಿಗೆ ಹಾಕಿಕೊಂಡು ಬಂದಿದ್ದಾಳೆ.

ಬಾಗಿಲು ತೆರೆದುಕೊಂಡಿತು, ಬಿಸ್ಕತ್ತಿನ ವಾಸನೆಯ ಜೊತೆಗೇ ರಾಜಶೇಖರ್ ಸರ್, ಏನಮ್ಮ, ಏನ್ ತೀರ್ಮಾನ ಮಾಡಿದ್ರಿ ಗಂಡ ಹೆಂಡ್ತಿ, ನಾಳೆ ಬೋರ್ಡು ಬರೆಸಬೇಕು. ಮೇಜಿಗೆ ಒರಗಿ ನಿಂತ ಅವರ ಹೆಗಲ ಪಕ್ಕದಿಂದ ಪರದೆ ಕಾಣುತ್ತಿತ್ತು, ಎನ್‌ಆರ್‌ಪುರ, ಎರಡನೇ ಪೋರ್ಟು, ಮೇಘನ, ರಾಕೇಶ, ಒಂದೇ ಸಾಲಿನಲ್ಲಿ ಇಬ್ಬರ ಹೆಸರು, ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿದ ಹಾಗೆ. ನಮ್ಮವರಿಗೆ ಆಗಲ್ಲ ಸರ್, ಅಂದಳು. ಬಾಯಿ ತಾನಾಗಿ ಅಂದಿತು, ಎಷ್ಟು ಸಲೀಸಾಗಿ ಅಂದಿತೆಂದರೆ ಅವಳಿಗೇ ಆಶ್ಚರ್ಯ. ಅವರು ಹುಬ್ಬೇರಿಸಿದರು, ರಾಕೇಶನೇ ಹಾಗೆ ಅಂದ್ನಾ. ಹ್ಞೂಂ ಸರ್, ಮನೇಲಿ ಮಾತಾಡಿದ್ವಿ, ಬೇಡ ಅಂದ್ರು. ಅಯ್ಯೋ, ನಿನ್ನೆ ಸಂಜೆ ಅಷ್ಟು ಖುಷಿಯಲ್ಲಿದ್ದನಲ್ಲಮ್ಮ, ಅನ್ನುತ್ತಲೇ ಜೇಬಿನಿಂದ ಫೋನು ತೆಗೆದರು, ಒಮ್ಮೆ ಆಗಲ್ಲ ಅಂದವರನ್ನು ಎರಡನೆಯ ಸಲ ಕೇಳುವ ಪೈಕಿಯಲ್ಲ ಅವರು, ಹಲೋ ಸೋಮನಾಥ್, ನೋಡಪಾ, ಎನ್‌ಆರ್‌ಪುರದ ಬ್ರಾಂಚು ನಿನಗೇ ಅಂತ ಇಟ್ಕೋ, ನಾಳೆನೇ ಬಂದುಬಿಡು, ಮಾತಾಡುತ್ತಲೇ ಮೆಟ್ಟಿಲಿಳಿದು ಹೋದರು, ಸೋಮನಾಥ್ ಅಂದರೆ ಅವರ ಅಕ್ಕನ ಮಗ, ಕಂಬ ಹತ್ತಲು ಹೆದರುವವನು, ಅವನಿಗೆ ಹೋಯಿತು ಕುರ್ಚಿ, ಹೋಗಲಿ. ಒಂದು ಕ್ಷಣ ಎದೆ ಹಗುರಾಯಿತು, ಗೆದ್ದೆ ಅನ್ನಿಸಿತು. ಆಮೇಲೆ ಪರದೆಯ ಕಡೆ ತಿರುಗಿದರೆ ಆ ಇಬ್ಬರೂ ಅಲ್ಲೇ ಕೂತಿದ್ದಾರೆ, ಅಲುಗಾಡದೆ.

ಮೇಜಿನ ಫೋನು ಹೊಡೆದುಕೊಂಡಿತು, ಈಶಾನ, ಮೇಡಂ, ಹೊಸ ಫಾರ್ಮ್ಯಾಟ್ ಹೊಸ ಕಾಲ್‌ಗೆ ಮಾತ್ರ ಹಿಡಿಯುತ್ತೆ, ಹಳೇವು ಹಾಗೇ ಇವೆ, ಒಂದ್ಸಲ ಎಲ್ಲದನ್ನೂ ಕಿತ್ತುಬಿಡಿ, ತಾವಾಗೇ ಮತ್ತೆ ಬರ್ತವೆ, ಹೊಸ ಗುರುತಲ್ಲಿ. ಒಂದೊಂದೇ ಪೋರ್ಟ್ ಮಾಡಿ, ಎಲ್ಲಿಂದಾದ್ರೂ ಶುರು ಮಾಡಿ. ಎಲ್ಲಿಂದಾದರೂ — ಬೆರಳಿಗೆ ಎಲ್ಲಿಂದ ಶುರುಮಾಡಬೇಕೆಂದು ಗೊತ್ತಿತ್ತು, ಎನ್‌ಆರ್‌ಪುರ, ಎರಡನೇ ಪೋರ್ಟು, ಕೆಲಸವೇ ಇದು, ಹೇಳಿದವರು ಇಂಜಿನಿಯರು, ಇದರಲ್ಲಿ ಅವಳ ಸ್ವಂತದ್ದೇನಿದೆ, ಈಗ ಮೂರು ಗಂಟೆಯ ಕ್ಲಾಸು ನಡೆಯುತ್ತಿರುತ್ತದೆ, ಕಂಕುಳ ಅಂತ ಬಾಯಿ ತೆರೆದವಳು ಹಾಗೇ ನಿಲ್ಲಲಿ, ತಂಗ್ಯಾರೆಲ್ಲ ನೋಡಲಿ, ಪಕ್ಕದಲ್ಲಿ ಕಾಫಿ ಕುಡಿಯುತ್ತ ಕೂತವನು ಬೆಚ್ಚಿಬೀಳಲಿ, ಆಜ್ಞೆ ಬರೆದಳು, ಒಂದಕ್ಷರ ತಪ್ಪಿತು, ಅಳಿಸಿ ಮತ್ತೆ ಬರೆದಳು, ಎಂಟರ್ ಒತ್ತಿದಳು. ಒತ್ತಿದ ಬೆರಳು ಇನ್ನೂ ಎತ್ತಿರಲಿಲ್ಲ, ಅವಳ ಮೊಬೈಲು ಗುರುಗುಟ್ಟಿತು, ವಿಡಿಯೊ ಕಾಲು, ರಾಕೇಶ. ಯಂತ್ರ ಲೈನುಗಳನ್ನು ಒಂದೊಂದಾಗಿ ಕಳಚಲು ಕೆಲವು ಕ್ಷಣ ತಗೊಳ್ಳುತ್ತದೆ, ಅಷ್ಟರಲ್ಲಿ ಎತ್ತಿಬಿಟ್ಟಳು, ಬೈಯಲಿಕ್ಕೇ ಎತ್ತಿದ್ದು, ಬಂದದ್ದು ಅವನ ಮುಖ, ಹಣೆಯಲ್ಲಿ ಸುಣ್ಣದ ಪುಡಿ, ಕಣ್ಣು ತುಂಬ ನಗು, ಹಿಂದೆ ಯಾವುದೋ ನೀಲಿ ಗೋಡೆ, ಟವೆಲ್ಲಿಲ್ಲ, ಹೊಲಿಗೆ ಮಿಷನ್ನಿಲ್ಲ, ಏನೂ ಇಲ್ಲದ ಗೋಡೆ, ನಿಶ್ಚಿ, ಕಾಣ್ತದಾ, ಮೇಘನ — ಅಷ್ಟಕ್ಕೆ ಚಿತ್ರ ನಿಂತಿತು. ಬಾಯಿ ಅರ್ಧ ತೆರೆದಿತ್ತು. ಕಣ್ಣಿನ ನಗು ಹಾಗೇ ಇತ್ತು. ನಡುವೆ ಒಂದು ಚಕ್ರ ತಿರುಗಿತು, ತಿರುಗಿತು, ಆಮೇಲೆ ಕಾಲ್ ಕಟ್ಟಾಯಿತು. ನಗುತ್ತ ಹೇಳುತ್ತಾನಲ್ಲ, ಅವಳ ಹೆಸರನ್ನು ನನ್ನ ಮುಖಕ್ಕೇ ನಗುತ್ತ ಹೇಳುತ್ತಾನಲ್ಲ.

ಮೇಜಿನ ಫೋನು ಕೆಳಗಿಟ್ಟಿರಲಿಲ್ಲ, ಅದರೊಳಗಿಂದ ಈಶಾನನ ದನಿ ನಗುತ್ತಿತ್ತು, ಮೇಡಂ, ಬರ್ತಾ ಇವೆ, ಬರ್ತಾ ಇವೆ, ಆದ್ರೆ ಇದೆಂಥದು, ಈ ಪೋರ್ಟಿನಲ್ಲಿ ವಾಪಸ್ ಬಂದೋರೆಲ್ಲ ಮೇಘನ, ಮೇಲಿಂದ ಕೆಳಗೆ ಮೇಘನ ಮೇಘನ, ಯಾರು ಮೇಡಂ ಇವರು, ಬೀದಿಗೆಲ್ಲ ಒಬ್ಬರೇನಾ ಕನೆಕ್ಷನ್ ತಗೊಂಡಿರೋದು. ನಿಶ್ಚಿತಾ ಪುಟ ನೋಡಿದಳು, ಹೌದು, ಸಾಲಾಗಿ ಮೇಘನ, ರೇಣುಕಪ್ಪ ಮೇಷ್ಟ್ರ ಲೈನು ಮೇಘನ, ಗಂಗಾಂಬಿಕೆ ಅಜ್ಜಿಯ ಲೈನು ಮೇಘನ. ವಿವರದಲ್ಲಿ ನಡುವೆ ಖಾಲಿ ಜಾಗ ಬಿಟ್ಟಿದೀರಾ ಮೇಡಂ, ನಮ್ ಮಿಷನ್ನು ಖಾಲಿ ಜಾಗ ಬಂದ ಕೂಡಲೇ ಮುಂದಿಂದು ಓದಲ್ಲ, ಮೊದಲನೇ ಪದ ಮಾತ್ರ ತಗೊಳುತ್ತೆ, ಕನೆಕ್ಷನ್ ತಗೊಂಡೋರ ಹೆಸರು ಮೊದಲು ಬರೀಬೇಕಿತ್ತು. ಹೆಸರು ಮೊದಲು ಬರೆಯುವವರು ಯಾರಿದ್ದಾರೆ ಇಲ್ಲಿ, ಲೈನು ಹಾಕುವವರೆಲ್ಲ ಬಾಯಲ್ಲಿ ಹೇಳುವ ಹಾಗೆಯೇ ಬರೆಯುತ್ತಾರೆ, ಮೇಘನ ಮನೆ ಎದುರಿನ ಕಂಬದಿಂದ ಎಡಕ್ಕೆ ರೇಣುಕಪ್ಪ ಮೇಷ್ಟ್ರು, ಮೇಘನ ಮನೆ ಎದುರಿನ ಕಂಬದಿಂದ ಮೇಲಿನ ಗಂಗಾಂಬಿಕೆ ಅಜ್ಜಿ, ಕಂಬ ಯಾರ ಮನೆಯ ಎದುರಿಗಿದೆಯೋ ಅವರ ಹೆಸರು ಮೊದಲು, ದಾರಿಯೆಲ್ಲ ಆಮೇಲೆ, ಮನುಷ್ಯ ಎಲ್ಲಕ್ಕಿಂತ ಕಡೆಗೆ, ನಮ್ಮ ಮಾತೇ ಹಾಗಲ್ಲವೇ, ಯಾರು, ಏನು, ಹೌದೋ ಅಲ್ಲವೋ ಎಲ್ಲ ಕಟ್ಟಕಡೆಗೆ, ಕಡೆಯವರೆಗೆ ಕೇಳದಿದ್ದವರಿಗೆ ಏನೂ ಸಿಕ್ಕುವುದಿಲ್ಲ. ಅವಳ ಕಿವಿಯೂ ಆ ಶಿವಮೊಗ್ಗದ ಮಿಷನ್ನಿನ ಹಾಗೆ — ಬೇಡ, ಆ ಯೋಚನೆ ಬೇಡ ಈಗ. ನೋಡಿ ಹೇಳ್ತೀನಿ ಸರ್, ಅಂತ ಫೋನಿಟ್ಟಳು, ಎನ್‌ಆರ್‌ಪುರದ ರೂಟರಿನೊಳಗೆ ಹೋದಳು, ಅಲ್ಲಿ ವಿವರ ತುಂಡಾಗಿರುವುದಿಲ್ಲ, ರಾಕೇಶನ ಟೆಸ್ಟ್ ಐಡಿ ಹತ್ತಿದ್ದ ಲೈನು ಯಾವುದು, ಇದು, ಇವತ್ತು ಮಧ್ಯಾಹ್ನವೇ ಹೊಸದಾಗಿ ಹಾಕಿದ್ದು, ವಿವರ ಅವನೇ ಬರೆದದ್ದು, ಮೇಘನ ಮನೆ ಎದುರಿನ ಕಂಬದ ಹಿಂದಿನ ನೀಲಿ ಮನೆ ಮಹಡಿ ಬಾಡಿಗೆ, ಅದರ ಮುಂದೆ ಒಂದು ಪದ, ಕಡೆಯದು. ನಿಶ್ಚಿತಾ.

ಮತ್ತೆ ಓದಿದಳು. ಕಂಬದ ಹಿಂದಿನ ನೀಲಿ ಮನೆ, ಮಹಡಿ, ಬಾಡಿಗೆ, ನಿಶ್ಚಿತಾ, ಮನೆ ಹಿಡಿದಿದ್ದಾನೆ, ಇಬ್ಬರಿಗೂ, ಹಣೆಯಲ್ಲಿದ್ದದ್ದು ಗೋಡೆಗೆ ತೂತು ಕೊರೆದ ಸುಣ್ಣ, ಸಂಜೆ ಕರೆದುಕೊಂಡು ಹೋಗಿ ತೋರಿಸಬೇಕೆಂದಿದ್ದನೋ ಏನೋ, ಜಯಪುರ ಅಂತ ಹೇಳಿದ್ದು ಅದಕ್ಕೇ ಇರಬೇಕು, ಬೆಳಗ್ಗೆ ದೋಸೆಯ ಹೊತ್ತಿನಲ್ಲಿ ಹೇಳಲು ಬಂದದ್ದೂ ಇದೇ, ಅಯ್ಯೋ ಕುರ್ಚಿ, ಕುರ್ಚಿ ಹೋಯಿತಲ್ಲ, ಓಡಿ ಕೆಳಗೆ ಹೋಗಿ ಸರ್ ಕಾಲಿಗೆ ಬೀಳಲೇ, ಏನಂತ ಬೀಳಲಿ, ನನ್ನ ಗಂಡ ಬೇಡ ಅಂದದ್ದು ಸುಳ್ಳು, ನಾನೇ ಅಂದದ್ದು ಅಂತಲೇ, ಸೋಮನಾಥ ಆಗಲೇ ಊರಿಗೆಲ್ಲ ಹೇಳಿಕೊಂಡು ಆಗಿರುತ್ತದೆ, ಇವನು ಬಾಡಿಗೆ ಮನೆಯ ಗೋಡೆಗೆ ತೂತು ಕೊರೆದು ಬಂದು ನಾಳೆ ಮತ್ತೆ ಅದೇ ಕಂಬ ಹತ್ತಬೇಕು, ಮೊಣಕಾಲು ಹಿಡಿದುಕೊಂಡು, ಯಾಕೆ ಅಂತ ಕೇಳುತ್ತಾನೆ, ಏನಂತ ಹೇಳಲಿ, ಕಣ್ಣು ಉರಿಯಿತು, ಒರೆಸಿಕೊಂಡಳು, ಒರೆಸಿಕೊಳ್ಳುತ್ತಿರುವಾಗಲೇ ಒಳಗಿನಿಂದ ಇನ್ನೊಂದು ದನಿ, ಸಣ್ಣದು, ನಾಚಿಕೆಯಿಲ್ಲದ್ದು — ಆದರೂ, ಆದರೂ ಅಷ್ಟು ದೊಡ್ಡ ಊರಿನಲ್ಲಿ ಅವಳ ಮನೆಯ ಎದುರಿನದೇ ಆಗಬೇಕಿತ್ತೇ, ಬೇರೆ ಬೀದಿಯಲ್ಲಿ ಮನೆ ಇರಲಿಲ್ಲವೇ, ಮನೆ ತೋರಿಸಿದವಳೂ ಅವಳೇ ಇರಬೇಕು, ಮಹಡಿಯಿಂದ ನೋಡಿದರೆ ಅವಳ ಹೊಲಿಗೆ ಮಿಷನ್ನು ಕಾಣುತ್ತದೆ — ಥೂ ನಿನ್ನ, ಸುಮ್ಮನಿರೇ, ಇನ್ನೂ ಎಷ್ಟು ಸುಡಬೇಕು ನಿನಗೆ. ಮೊಬೈಲನ್ನು ಕೈಗೆತ್ತಿಕೊಂಡಳು, ಅವನಿಗೆ ಹಚ್ಚಿದಳು, ಸಿಗುತ್ತಿಲ್ಲ, ಆ ತಗ್ಗಿನ ಬೀದಿಯಲ್ಲಿ ಸಿಗ್ನಲ್ಲಿಲ್ಲ, ಲೈನು ಬಂದರೇ ಅವನು, ಬರುತ್ತದೆ, ಈಗ ಬರುತ್ತದೆ, ಬಂದ ಕೂಡಲೇ ಮಾಡುತ್ತಾನೆ, ಎತ್ತಿದರೆ ಮೊದಲು ಏನು ಹೇಳಬೇಕು, ಕುರ್ಚಿಯ ವಿಷಯವೇ, ಮನೆಯ ವಿಷಯವೇ, ಅಥವಾ ಬಾಯಿ ಮುಚ್ಚಿಕೊಂಡು ಅವನ ಮಾತು ಮುಗಿಯುವವರೆಗೆ ಕೇಳಬೇಕೆ, ಕೇಳಲಾದೀತೇ ತನ್ನಿಂದ, ಅವನು ಮೊದಲಿಗೆ ಅದೇ ಹೆಸರು ಹೇಳುತ್ತಾನೆ, ಹೇಳದೆ ಆ ಮನೆಯ ಗುರುತು ಹೇಳಲು ಬರುವುದಿಲ್ಲ, ಮೇಘನ ಎಂದು ಶುರುಮಾಡಿಯೇ ನಿಶ್ಚಿತಾ ಎಂದು ಮುಗಿಸಬೇಕು, ಆ ನಡುವಿನ ದಾರಿಯಷ್ಟು ಹೊತ್ತು ಸುಮ್ಮನಿರಬೇಕು ಅಷ್ಟೇ, ಅಷ್ಟೇ ಅಲ್ಲವೇ, ಆದರೆ ಕಣ್ಣು ಮುಚ್ಚಿದರೆ ಅವನ ಮುಖ, ಹಣೆಯ ಸುಣ್ಣ, ನೀಲಿ ಗೋಡೆ, ಮೇಘನ ಎಂದು ಅರ್ಧ ತೆರೆದ ಬಾಯಿ, ಕಣ್ಣು ತೆರೆದರೂ ಅದೇ, ಆ ಬಾಯಿ ಮುಂದಕ್ಕೆ ಹೋಗುತ್ತಿಲ್ಲ, ಮುಚ್ಚುತ್ತಲೂ ಇಲ್ಲ, ನಗುತ್ತಿದೆ, ಮೇಘನ, ಅರ್ಧ ತೆರೆದ ಬಾಯಿ, ಮೇಘನ —